ಸಂಪಿನ ಪಕ್ಕದ ಲಾನು

ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ, ಪೋರ್ಟಿಕೊ, ಸಂಪು, ಬಾಡಿಗೆಯವರ ಮೆಟ್ಟಿಲು ಎಲ್ಲ ಕಳೆದು ಮಿಕ್ಕ ಮಣ್ಣಿಗೆ ಬಿಟಿಎಂ ಲೇಔಟಿನಲ್ಲಿ ಲಾನು ಎನ್ನುತ್ತಾರೆ. ನಮ್ಮದು ಎರಡು ಚಾಪೆಯಗಲ. ಮೂರನೆಯ ಚಾಪೆ ಹಾಸಬೇಕೆಂದರೆ ಗೇಟು ತೆಗೆಯಬೇಕು.

ಇದನ್ನು ಚಳಿಗಾಲಕ್ಕೆ ಸಜ್ಜು ಮಾಡಿ ಎಂದು ಅಕ್ಟೋಬರ್ ಬಂತೆಂದರೆ ಶಿಕಾಗೋದಿಂದ ಭಾವಮೈದನ ಫೋನು. ಅಲ್ಲಿ ಅವನು ಉದುರಿದ ಎಲೆ ಗುಡಿಸಿ, ನೆಲಕ್ಕೆ ತೂತು ಹೊಡೆದು, ಬೀಜ ಚೆಲ್ಲಿ, ಹಿಮ ಬೀಳುವ ಮುಂಚೆ ಕಡೆಯ ಗೊಬ್ಬರ ಹಾಕಿ ಬಾಗಿಲು ಜಡಿದುಕೊಂಡರೆ ತಿಂಗಳುಗಟ್ಟಲೆ ಹುಲ್ಲಿನ ಮುಖ ನೋಡುವಂತಿಲ್ಲ. ನಮ್ಮೂರಿನ ಚಳಿಯ ದಾಖಲೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆಗ ಬಿಟಿಎಮ್ಮಿನ ಮೂರಕ್ಷರಗಳಾದ ಬೈರಸಂದ್ರ, ತಾವರೆಕೆರೆ, ಮಡಿವಾಳ ಬೇರೆ ಬೇರೆ ಹಳ್ಳಿಗಳು. ಲಾನು ಹಾಳಾಯಿತೆಂದು ಯಾರೂ ಅತ್ತಿರಲಿಕ್ಕಿಲ್ಲ. ಈಗ ಡಿಸೆಂಬರಿನ ಬೆಳಗ್ಗೆ ಹದಿನೈದಕ್ಕಿಳಿದರೆ ನಾವು ಮಂಕಿ ಟೋಪಿ ಏರಿಸುತ್ತೇವೆ. ಹುಲ್ಲು ಬೆಳೆಯುವುದಕ್ಕೆ ಸ್ವಲ್ಪ ಸೋಮಾರಿತನ ಮಾಡುತ್ತದೆ, ಅಷ್ಟೇ.

ಹಾಗೆಂದು ಕೆಲಸವಿಲ್ಲದಿಲ್ಲ. ಹಿಂಗಾರಿನ ಹಸಿ ಆರುವ ಮುಂಚೆ ಜೇಕು ಕೀಳಬೇಕು. ಎಳೆದರೆ ಎಲೆಯಷ್ಟೇ ಕೈಗೆ, ಗಡ್ಡೆ ಅಲ್ಲೇ. ಹಳೆಯ ಸ್ಕ್ರೂಡ್ರೈವರಿನಿಂದ ಕೆದಕುತ್ತ ಹೋದರೆ ಕರಿ ಗಡ್ಡೆ, ಅದರಿಂದ ಹೊರಟ ದಾರದಂಥ ಬೇರು, ಆ ತುದಿಗೆ ಇನ್ನೊಂದು ಗಡ್ಡೆ, ಹೀಗೆ ಸಂಪಿನ ಗೋಡೆಯವರೆಗೆ. ಆಮೇಲೆ ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ. ಬಿಟಿಎಮ್ಮಿನಲ್ಲಿ ಕೊಟ್ಟಿಗೆಯೆಲ್ಲಿ? ಲಾಲ್‌ಬಾಗ್ ಹತ್ತಿರದ ನರ್ಸರಿಯಿಂದ ಮೂಟೆ ತಂದೆ. ಆಟೋದವನು ಮೂಗು ಮುಚ್ಚಿಕೊಂಡೇ ಮೀಟರ್ ಮೇಲೆ ಇಪ್ಪತ್ತು ಕೇಳಿದ.

ಹುಲ್ಲು ಮೆಕ್ಸಿಕನ್ ಗ್ರಾಸ್. ಅಮ್ಮನಿಗೆ ಅದರ ಮೇಲೆ ಮೊದಲಿಂದಲೂ ಅಸಡ್ಡೆ: "ಗಣಪತಿಗೂ ಆಗಲ್ಲ, ಹಸುವಿಗೂ ಆಗಲ್ಲ." ಅದರ ನಡುವೆ ತಾನಾಗಿಯೇ ಹಬ್ಬಿದ ಗರಿಕೆಯನ್ನು ಮಾಲಿ ಕಳೆಯೆಂದು ಕೀಳಲು ಹೋದರೆ ಅವನ ಕಾಫಿಯೇ ನಿಂತುಹೋಗುತ್ತದೆ. ಭಾವಮೈದನಿಗೆ ಫೋಟೋ ಕಳಿಸಿದೆ. ಅವನು ಕುಣಿದಾಡಿಬಿಟ್ಟ: ಇದೇ ಬರ್ಮುಡಾ ಗ್ರಾಸ್, ಅಮೆರಿಕದ ದಕ್ಷಿಣದಲ್ಲಿ ಗಾಲ್ಫ್ ಮೈದಾನಕ್ಕೆಲ್ಲ ಇದನ್ನೇ ಹಾಕುತ್ತಾರಂತೆ.

"ಅಷ್ಟೊಂದು ಗರಿಕೆ ಬೆಳೆಸಿ ಅದರ ಮೇಲೆ ಚೆಂಡು ಹೊಡೀತಾರಾ?" ಎಂದರು ಅಮ್ಮ.

ಅಂದಿನಿಂದ ಅವರು ಮೆಕ್ಸಿಕನ್ನನ್ನು ದಿನಾ ಒಂದೊಂದು ಹಿಡಿ ಕೀಳುತ್ತಿದ್ದಾರೆ. ಸಂಕಷ್ಟಿಯ ಸಂಜೆ ಬೀದಿಯ ಹೆಂಗಸರೆಲ್ಲ ಗೇಟಿನೊಳಗೆ ಕುಕ್ಕರಗಾಲಲ್ಲಿ ಕೂತು ಗರಿಕೆಯ ಕುಡಿ ಚಿವುಟುತ್ತಾರೆ. ಹುಲ್ಲು ಕತ್ತರಿಸಲು ಮಾಲಿಯನ್ನು ಕರೆಯುವುದು ಬಿಟ್ಟಿದ್ದೇವೆ.