ವೈರಸ್ ರಾಯರು

ನಮ್ಮ ಬೀದಿಯಲ್ಲಿ ಯಾರ ಮನೆ ಕಂಪ್ಯೂಟರ್ ಮುನಿಸಿಕೊಂಡರೂ ರಾಯರಿಗೆ ಹೇಳಿ ಕಳಿಸುವುದು ವಾಡಿಕೆ. ಅವರು ಬ್ಯಾಂಕಿನಲ್ಲಿ ಗುಮಾಸ್ತರು. ಆದರೆ ಭಾನುವಾರ ತಿಂಡಿ ಮುಗಿಸಿ, ಸಿಡಿಗಳ ಜಿಪ್ ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟರೆಂದರೆ ಹಳೇ ಕಾಲದ ಎಲ್‌ಎಂಪಿ ಡಾಕ್ಟರ ಗತ್ತು. ರೋಗಿಯ ಮುಖ ನೋಡುವ ಮೊದಲೇ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ತೀರ್ಪು ಕೊಡುತ್ತಾರೆ: “ವೈರಸ್ಸು.”

ಈ ಕೀರ್ತಿ ಸುಮ್ಮನೆ ಬಂದದ್ದಲ್ಲ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳ ಇಂಟರ್ನೆಟ್ಟಿನಿಂದ ಇಳಿದು, ಎಕ್ಸ್‌ಪಿ ಇದ್ದ ಮಷೀನುಗಳ ಮೇಲೆ ಅರವತ್ತು ಸೆಕೆಂಡಿನ ಎಣಿಕೆ ಶುರುಮಾಡಿ, ಸೊನ್ನೆಗೆ ಬಂದೊಡನೆ ರೀಸ್ಟಾರ್ಟ್ ಮಾಡಿಸುತ್ತಿತ್ತಲ್ಲ? ಆಗ ಎದುರುಮನೆಯಲ್ಲಿ ರಾಯರು ‘ಶಟ್‌ಡೌನ್ ಮೈನಸ್ ಎ’ ಎಂದು ಟೈಪಿಸಿ, ಇನ್ನು ಹನ್ನೆರಡು ಸೆಕೆಂಡು ಇದೆ ಎನ್ನುವಾಗ ಎಣಿಕೆ ನಿಲ್ಲಿಸಿಬಿಟ್ಟರು. ಮೈಕ್ರೋಸಾಫ್ಟ್ ಜುಲೈನಲ್ಲೇ ಕೊಟ್ಟಿದ್ದ ತೇಪೆಯನ್ನೂ ಹಾಕಿದರು. ವಠಾರವೇ ನೆರೆದು ನೋಡಿತು. ಅಂದಿನಿಂದ ಅವರ ಪಾಲಿಗೆ ಲೋಕದಲ್ಲಿ ಬೇರೆ ರೋಗವೇ ಉಳಿಯಲಿಲ್ಲ. ಮೌಸ್ ಓಡದಿದ್ದರೂ ವೈರಸ್ಸು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ವೈರಸ್ಸು.

ನಮ್ಮ ಮನೆಯ ಸರದಿ ಬಂದದ್ದು 2005ರ ಏಪ್ರಿಲ್‌ನಲ್ಲಿ. ಆನ್ ಮಾಡಿದ ಹತ್ತು ಹದಿನೈದು ನಿಮಿಷಕ್ಕೆ ಕಂಪ್ಯೂಟರ್ ಫಕ್ಕನೆ ಆಫ್ ಆಗುತ್ತಿತ್ತು. ಕೂಡಲೇ ಮತ್ತೆ ಹಾಕಿದರೆ ಐದೇ ನಿಮಿಷ.

“ಇಂಟರ್ನೆಟ್ ಜಾಸ್ತಿ ನೋಡ್ತೀರಾ?” ಎಂದರು ರಾಯರು.

“ಮೋಡೆಮ್ ಕೆಟ್ಟು ಎರಡು ತಿಂಗಳಾಯ್ತು ರಾಯರೇ.”

“ನೋಡಿದ್ರಾ! ಒಳಗೆ ಸೇರಿದ್ದು ಹೊರಗೆ ಹೋಗೋಕೆ ದಾರಿ ಸಿಗದೆ ಒದ್ದಾಡ್ತಿದೆ.”

ಸ್ಕ್ಯಾನ್ ಹಚ್ಚಿದರು. ಕಾಲು ಭಾಗ ಮುಗಿಯುವಷ್ಟರಲ್ಲಿ ಪರದೆ ಕಪ್ಪಾಯಿತು. “ಹುಡುಕೋಕೂ ಬಿಡ್ತಿಲ್ಲ, ಎಷ್ಟು ಬುದ್ಧಿ ಇದಕ್ಕೆ!” ಎಂದು ಮೆಚ್ಚುಗೆಯಿಂದ ತಲೆಯಾಡಿಸಿ, ಗೋಡೆಯ ಕ್ಯಾಲೆಂಡರ್ ನೋಡಿದರು. ಅಂದು ತಾರೀಕು 24. “ನಾಡಿದ್ದು 26. ಚೆರ್ನೋಬಿಲ್ ವೈರಸ್ಸು ಏಳೋ ದಿನ. 1999ರಲ್ಲಿ ಎಷ್ಟು ಮಷೀನು ಹೆಣ ಬಿತ್ತು ಗೊತ್ತಾ?” ಅದು ವಿಂಡೋಸ್ 95, 98ರ ಕಾಲದ್ದು, ನಮ್ಮ ಎಕ್ಸ್‌ಪಿಗೆ ಏನೂ ಮಾಡಲಾರದು ಎಂದು ನನಗೆ ತಿಳಿದದ್ದು ಆಮೇಲೆ. ಆಗ ಮಾತ್ರ ಬೆವರಿದೆ.

ರಾಯರೂ ಬೆವರುತ್ತಿದ್ದರು. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ರ‍್ಯಾಮ್ ಕಿತ್ತು, ಮಗಳ ಪೆನ್ಸಿಲ್ ರಬ್ಬರಿನಿಂದ ಅದರ ಹಲ್ಲು ತಿಕ್ಕಿ ಹಾಕಿದರು. “ಟೇಬಲ್ ಫ್ಯಾನ್ ಇದ್ರೆ ತನ್ನಿ, ಸೆಖೆ.” ತಂದಿಟ್ಟೆ. ಆಮೇಲೆ ಫಾರ್ಮ್ಯಾಟು.

“ಡಿ ಡ್ರೈವಿನಲ್ಲಿ ಮಗಳ ನಾಮಕರಣದ ಫೋಟೋ...” ಎಂದೆ.

“ಅಲ್ಲಿಗೂ ಹಬ್ಬಿರುತ್ತೆ” ಎಂದು ಎಂಟರ್ ಒತ್ತಿದರು.

ಎಕ್ಸ್‌ಪಿ ಇನ್ನು 39 ನಿಮಿಷ ಎಂದಿತು. ಎರಡು ಲೋಟ ಕಾಫಿ, ಒಂದು ತಟ್ಟೆ ಅವಲಕ್ಕಿ ಖಾಲಿಯಾದರೂ ಮಷೀನು ಅಲುಗಲಿಲ್ಲ. ರಾಯರು ತಗಡು ಮುಚ್ಚಿ ಗೆದ್ದ ನಗೆ ನಕ್ಕು ಹೊರಟರು. ಫ್ಯಾನು ಅಡುಗೆಮನೆಗೆ ವಾಪಸಾಯಿತು. ಸಂಜೆ ಹನ್ನೊಂದನೇ ನಿಮಿಷಕ್ಕೆ ಕಂಪ್ಯೂಟರ್ ಮತ್ತೆ ಆಫ್.

ಅಮ್ಮ ಬಂದು ಕ್ಯಾಬಿನೆಟ್ಟಿನ ಮೇಲೆ, ಆಯುಧಪೂಜೆಯ ಕುಂಕುಮ ಇನ್ನೂ ಅಳಿಯದಿದ್ದ ಜಾಗದಲ್ಲಿ, ಕೈಯಿಟ್ಟು ನೋಡಿದಳು. “ಕಾದು ಹೋಗಿದೆಯಲ್ಲೋ. ಬೆಳಿಗ್ಗೆ ಫ್ಯಾನ್ ಹಾಕಿದ್ರಲ್ಲ, ಅದಕ್ಕೇ ತಣ್ಣಗಿತ್ತು.” ಬಿಚ್ಚಿದರೆ ಪ್ರೊಸೆಸರಿನ ಪುಟ್ಟ ಫ್ಯಾನಿನ ಕೆಳಗೆ, ದೇವರ ಗೂಡಿನ ಊದುಬತ್ತಿಯ ಜಿಡ್ಡಿಗೆ ಧೂಳು ಕೂಡಿ ಕಂಬಳಿಯಷ್ಟು ದಪ್ಪ ಕಟ್ಟಿಕೊಂಡಿತ್ತು. ಶಾಖ ಮಿತಿಮೀರಿದರೆ ಸುಟ್ಟುಹೋಗದಂತೆ ಪ್ರೊಸೆಸರ್ ತಾನೇ ಆಫ್ ಮಾಡಿಸಿಕೊಳ್ಳುತ್ತದಂತೆ. ಬಣ್ಣ ಹಚ್ಚುವ ಬ್ರಷ್ಷಿನಿಂದ ಗುಡಿಸಿದೆ. ಆಮೇಲೆ ಮೂರು ವರ್ಷ ಓಡಿತು.

ಮುಂದಿನ ಭಾನುವಾರ ರಾಯರಿಗೆ ಮೆಲ್ಲಗೆ ವಿಷಯ ತಿಳಿಸಿದೆ. “ಹ್ಞಾಂ, ಆ ಧೂಳಿನಲ್ಲೇ ಅದು ಇರೋದು” ಎಂದರು.

ಅವರನ್ನು ಕರೆಯಬೇಡಿ ಎನ್ನುತ್ತಿಲ್ಲ. ಕರೆದರೆ ಪಾಪ, ಊಟ ಬಿಟ್ಟು ಬರುತ್ತಾರೆ, ಕಾಸು ಮುಟ್ಟುವುದಿಲ್ಲ. ಬಾಗಿಲು ತೆಗೆಯುವ ಮುನ್ನ ಫೋಟೋಗಳನ್ನು ಒಂದು ಸಿಡಿಗೆ ಇಳಿಸಿಕೊಂಡಿರಿ.