ಹರಿಣವಧಾ ಋತುವಿನಲ್ಲಿ ಅಡ್ಡಬಿಲ್ಲಿನ ಪ್ರವೇಶಾರ್ಹತೆ: ಪಶ್ಚಿಮ ಬೆಂಗಳೂರಿನ ಪರಿಪ್ರೇಕ್ಷ್ಯದಲ್ಲಿ ಒಂದು ಅನುಸಂಧಾನ

ಬಿಲ್ಲುಬೇಟೆಯ ಋತುವಿನಲ್ಲಿ ಕ್ರಾಸ್‌ಬೋ ಎಂಬ ಅಡ್ಡಬಿಲ್ಲನ್ನು ಒಳಗೊಳ್ಳಬಹುದೇ ಎಂಬ ಜ್ವಲಂತ ಪ್ರಶ್ನೆಯನ್ನು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಹಾಗೂ ಕೆಂಗೇರಿಗಳ ನೆಲೆಯಲ್ಲಿ ನಿಂತು ಮುಖಾಮುಖಿಯಾಗಿಸುವುದು ಪ್ರಸ್ತುತ ಸಂಪ್ರಬಂಧದ ವಿನಮ್ರ ಆಶಯ. ಸದರಿ ಪ್ರದೇಶದಲ್ಲಿ ಜಿಂಕೆಯಿಲ್ಲ, ಬೇಟೆಯಿಲ್ಲ, ಋತುವೂ ಇಲ್ಲ ಎಂಬ ಆಕ್ಷೇಪವನ್ನು ಸಂಶೋಧಕನು ಬಲ್ಲನು. ವಸ್ತುವೇ ಇಲ್ಲದಿರುವುದು ಸಂಶೋಧನೆಗೆ ತೊಡಕಾಗುವುದಾದರೆ ನಾಡಿನಲ್ಲಿ ಎಷ್ಟು ಪಿಎಚ್.ಡಿ.ಗಳು ಉಳಿದಾವು?

ಪೂರ್ವಸೂರಿಗಳು. ಅಮೆರಿಕದ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಕೋವಿಯ ಋತು ಬೇರೆ, ಬಿಲ್ಲಿನ ಋತು ಬೇರೆ. ಅಡ್ಡಬಿಲ್ಲಿಗೆ ಕೋವಿಯಂತೆ ಹಿಡಿಯೂ ಕುದುರೆಯೂ ಇವೆ. ಹೆದೆಯನ್ನು ಮೊದಲೇ ಸೆಳೆದಿಟ್ಟು ಕಾಯುತ್ತ ಕೂರಬಹುದು. ಆದ್ದರಿಂದ ಅದು ಬಿಲ್ಲಿನ ವೇಷ ತೊಟ್ಟ ಕೋವಿ ಎಂಬುದು ಸಾಂಪ್ರದಾಯಿಕ ಬಿಲ್ಲುಗಾರರ ಪೂರ್ವಪಕ್ಷ. ಹೆದೆ ಎಳೆಯಲು ತೋಳಲ್ಲಿ ಕಸುವಿಲ್ಲದ ವೃದ್ಧರೂ ಅಂಗವಿಕಲರೂ ಬೇಟೆಯಾಡಬೇಡವೇ ಎಂಬುದು ಉತ್ತರಪಕ್ಷ. ವಿಸ್ಕಾನ್ಸಿನ್ 2014ರಲ್ಲಿ ಅಡ್ಡಬಿಲ್ಲಿಗೇ ಪ್ರತ್ಯೇಕ ಋತು ಮಾಡಿಕೊಟ್ಟಿತು. ಆರೆಗನ್ ಮಾತ್ರ ಒಪ್ಪಿಲ್ಲ. ಜಿಂಕೆಯ ಅಭಿಪ್ರಾಯವನ್ನು ಎರಡೂ ಪಕ್ಷಗಳು ದಾಖಲಿಸಿಲ್ಲವಾದ್ದರಿಂದ ಇಲ್ಲೊಂದು ಸಂಶೋಧನಾ ಕಂದರವಿದೆ. ಅಡ್ಡಬಿಲ್ಲಿನ ತಕರಾರು ಹೊಸದೂ ಅಲ್ಲ: 1139ರಲ್ಲಿ ರೋಮ್‌ನ ಧರ್ಮಸಭೆಯು ಕ್ರೈಸ್ತರ ಮೇಲೆ ಅಡ್ಡಬಿಲ್ಲುಗಾರರನ್ನೂ ಬಿಲ್ಲುಗಾರರನ್ನೂ ಬಳಸಕೂಡದೆಂದು ವಿಧಿಸಿತು. ಅರುವತ್ತು ವರ್ಷಗಳ ಬಳಿಕ ಇಂಗ್ಲೆಂಡಿನ ದೊರೆ ಸಿಂಹಹೃದಯಿ ರಿಚರ್ಡ್ ಅಡ್ಡಬಿಲ್ಲಿನ ಬಾಣದಿಂದಲೇ ಸತ್ತನಾಗಿ ನಿಷೇಧಗಳ ಪರಿಣಾಮಕಾರಿತ್ವವು ಸಿದ್ಧವಾಯಿತು.

ರೋಮ್ ಹೀಗೆ ನಿಷೇಧಿಸುವುದಕ್ಕೆ ಹತ್ತು ವರ್ಷ ಮೊದಲು ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ನೂರು ಅಧ್ಯಾಯಗಳ 'ಮಾನಸೋಲ್ಲಾಸ'ವನ್ನು ಮುಗಿಸಿದ್ದನು. ಅಡುಗೆ, ಆನೆ, ಆಭರಣಗಳ ನಡುವೆ ಜಿಂಕೆ ಬೇಟೆಗೂ ಅದರಲ್ಲಿ ಸ್ಥಾನವಿದೆ. ಒಂದೇ ಹಂದಿಗೆ ನೆಟ್ಟ ಎರಡು ಬಾಣಗಳಲ್ಲಿ ಕೊಂದದ್ದು ಯಾವುದು ಎಂದು ಕಿರಾತನೂ ಅರ್ಜುನನೂ ಬಡಿದಾಡಿದ್ದು ಬೇಟೆ ನಿಯಮಾವಳಿಯ ಆದಿಮ ಪಠ್ಯ. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಿ, ಎರಡೂ ಸತ್ತವು. ಕಾಳಿ ಯಾವ ಸಂಕಥನವನ್ನೂ ಮಂಡಿಸಲಿಲ್ಲ. ಆದರೂ ಅದಕ್ಕೆ ಕಲ್ಲು ನಿಂತಿತು.

ಇನ್ನು ಬೆಂಗಳೂರಿನ ಐತಿಹ್ಯಗಳು. ಬಲ್ಲಾಳರಾಯ ಬೇಟೆಗೆ ಬಂದು ದಾರಿ ತಪ್ಪಿ, ಮುದುಕಿ ಕೊಟ್ಟ ಬೆಂದ ಕಾಳು ತಿಂದು ಮಲಗಿದನಂತೆ. ಕೆಂಪೇಗೌಡರು ಬೇಟೆಗೆ ಬಂದಾಗ ಮೊಲವೇ ನಾಯಿಯನ್ನು ಅಟ್ಟಿತಂತೆ. ಎರಡೂ ಪ್ರಸಂಗಗಳಲ್ಲಿ ಮಾಂಸ ದೊರೆತ ಉಲ್ಲೇಖವಿಲ್ಲ. ವಿಫಲ ಬೇಟೆಯೇ ಈ ಮಹಾನಗರದ ಸ್ಥಾಪಕ ರೂಪಕವೆಂದು ಪ್ರತಿಪಾದಿಸಲು ಅಡ್ಡಿಯಿಲ್ಲ.

ವರ್ಗೀಕರಣ. ಅಡ್ಡಬಿಲ್ಲುಗಳು ಹನ್ನೊಂದು ವಿಧ. ಒಂದು, ಲಂಬೇತರ ಸ್ಥಿತಿಸ್ಥಾಪಕ ಏಕಹೆದೆಯುಕ್ತ. ಎರಡು, ಲಂಬೇತರ ಸ್ಥಿತಿಸ್ಥಾಪಕ ರಾಟೆಸಹಿತ. ಮೂರು... ಬಿಡಿ. ಇಂಥ ಹನ್ನೊಂದು ವಿಧಗಳನ್ನು ವಿಚಾರ ಸಂಕಿರಣಗಳಲ್ಲಿ ಮಧ್ಯಾಹ್ನ ಎರಡೂವರೆಯವರೆಗೆ ಹಸಿದು ಕೇಳಿದವರಿಗೆ ಆ ಪಾಡು ಗೊತ್ತು. ಪ್ರಾಸ್ತಾವಿಕ ನುಡಿ, ಆಶಯ ಭಾಷಣ, ದಿಕ್ಸೂಚಿ ಭಾಷಣ, ಉದ್ಘಾಟನಾ ಭಾಷಣ, ಅಧ್ಯಕ್ಷೀಯ ಭಾಷಣ ಎಲ್ಲವೂ ಆಗಿ, ಪ್ರಬಂಧ ಮಂಡಿಸಲು ದೂರದ ಊರಿಂದ ಬಸ್ಸಿನಲ್ಲಿ ಬಂದ ಹುಡುಗಿಗೆ 'ನಾಲ್ಕೇ ನಿಮಿಷ, ಸಾರಾಂಶ ಹೇಳಿಬಿಡಮ್ಮ' ಎನ್ನುವ ಸಂಕಿರಣಗಳ ಮೇಲೆ ಹೂಡಲು ಯಾವ ಬಿಲ್ಲಿಗೆ ಅನುಮತಿ ಇದೆಯೋ ಮೊದಲು ಅದು ಇತ್ಯರ್ಥವಾಗಲಿ.

ಕಾನೂನಿನ ಆಯಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಆಯುಧದ ವ್ಯಾಖ್ಯೆಯಲ್ಲಿ ಬಿಲ್ಲುಬಾಣ, ಕೋವಿ, ಚಾಕು, ಬಲೆ, ವಿಷ, ಉರುಳುಗಳನ್ನೆಲ್ಲ ಹೆಸರಿಸಿ, ಪ್ರಾಣಿಯನ್ನು ಗಾಯಗೊಳಿಸುವ, ಕೊಲ್ಲುವ ಯಾವುದೇ ಸಾಧನವೆಂದು ಬಾಗಿಲು ಹಾಕಿಬಿಟ್ಟಿದೆ. ಅಡ್ಡಬಿಲ್ಲೂ ಒಳಗೇ ಸಿಕ್ಕಿಕೊಂಡಿತು. ಮೊದಮೊದಲು ಬೇಟೆಗೆ ಪರವಾನಗಿಗಳಿದ್ದವು, ಬೇಟೆಯಾಡಬಾರದ ಕಾಲವೂ ಗೊತ್ತಾಗಿತ್ತು. 1991ರ ತಿದ್ದುಪಡಿ ಅದನ್ನೂ ಮುಗಿಸಿತು. ಮುಂದೆ ಬಹುಕಾಲ ನಿರಾತಂಕವಾಗಿ ಕೊಲ್ಲಬಹುದಾಗಿದ್ದವು ಕಾಗೆ, ಇಲಿ, ಹೆಗ್ಗಣ, ಹಣ್ಣು ತಿನ್ನುವ ಬಾವಲಿ. ಹೆಗ್ಗಣಗಳ ಮಟ್ಟಿಗೆ ವಿಜಯನಗರ ಸಮೃದ್ಧ. ಅಡ್ಡಬಿಲ್ಲುಗಾರರು ಅಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳಬಹುದಿತ್ತು.

ಇಲ್ಲಿಗೆ ನಗು ನಿಲ್ಲುತ್ತದೆ. ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ರಾಜರು, ವೈಸರಾಯರು, ಅವರ ಅತಿಥಿಗಳು ಹೊಡೆದ ಸಾವಿರಾರು ಹುಲಿ ಚಿರತೆಗಳ ಚರ್ಮ ಹದಮಾಡಿ ಗಾಜಿನ ಕಣ್ಣಿಟ್ಟರು. ಅದು 1999ರಲ್ಲಿ ಗೌರವದಿಂದ ಮುಚ್ಚಿತು; ಗೋಡೆಯ ಮೇಲಿನ ತಲೆಗಳಿಗೆ ಇಂದಿಗೂ ಧೂಳು ಒರೆಸುತ್ತಾರೆ. ಕವುಜುಗಕ್ಕೆ ಬಲೆ ಹಾಕಿ ಹೊಟ್ಟೆ ಹೊರೆಯುತ್ತಿದ್ದ ಹಕ್ಕಿಪಿಕ್ಕಿ ಬುಡಕಟ್ಟಿನವನು ಮಾತ್ರ ಒಂದು ಕಾಯ್ದೆಯಿಂದ ಕಳ್ಳನಾದ. ಅವನಿಗೆ ಋತುವಿರಲಿ, ಒಂದು ಸಂಕಿರಣದ ಕುರ್ಚಿಯೂ ಸಿಗಲಿಲ್ಲ. ಮಣಿಸರ, ತಲೆಗೂದಲ ಎಣ್ಣೆ, ಗಿಡಮೂಲಿಕೆ ಹೊತ್ತು ದೇಶದೇಶ ಅಲೆದ. 2023ರಲ್ಲಿ ಸುಡಾನಿನ ಯುದ್ಧದ ನಡುವೆ ಸಿಕ್ಕಿಬಿದ್ದಾಗಷ್ಟೇ ಹೀಗೊಂದು ಜನ ಇದ್ದಾರೆಂದು ನಮ್ಮ ಪತ್ರಿಕೆಗಳಿಗೆ ನೆನಪಾಯಿತು. ಬೇಟೆ ನಿಂತದ್ದು ಸರಿಯೇ. ಯಾರ ಬೇಟೆಗೆ ಅಪರಾಧವೆಂದು ಹೆಸರು ಬಂತು, ಯಾರದ್ದಕ್ಕೆ ಪರಂಪರೆಯೆಂದು ಬಂತು ಎಂಬುದನ್ನು ಯಾವ ಆಶಯ ಭಾಷಣದಲ್ಲೂ ನಾನು ಕೇಳಿಲ್ಲ.

ಬಿಲ್ಲೂ ಇಲ್ಲದೆ ಜಿಂಕೆಯ ನೆಲ ಹೋದದ್ದು ಹೇಗೆ? ಮೈಸೂರು ರಸ್ತೆಯಗುಂಟ ವೃಷಭಾವತಿ ನೊರೆ ಕಕ್ಕುತ್ತ ಹರಿಯುತ್ತಾಳೆ. ಅದನ್ನು ಕುಡಿಯುವ ಪ್ರಾಣಿಯನ್ನು ಕೊಲ್ಲಲು ಬಾಣ ಬೇಕಿಲ್ಲ. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ನಾಡಪ್ರಭು ಕೆಂಪೇಗೌಡ ಬಡಾವಣೆ ಹಬ್ಬಿದೆ; ನಾಯಿಯನ್ನು ಅಟ್ಟಿದ ಮೊಲದ ಸಂತತಿಗೆ ಅಲ್ಲಿ ಮೂವತ್ತು-ನಲವತ್ತರ ಸೈಟೂ ಇಲ್ಲ. ಕೆಂಗೇರಿಯಿಂದ ತುಸು ದೂರದ ತುರಹಳ್ಳಿ ಕಾಡಿನಲ್ಲಿ 2021ರಲ್ಲಿ ವೃಕ್ಷೋದ್ಯಾನ ಮಾಡಲು ಹೊರಟಿದ್ದರು. ಕಾಡಿನೊಳಗೆ, ಮರಗಳ ಉದ್ಯಾನ! ಸುತ್ತಲಿನ ಜನ ಬೀದಿಗಿಳಿದದ್ದರಿಂದ ಅದು ತಪ್ಪಿತು.

ಹಾಗೆ ನೋಡಿದರೆ ಕರ್ನಾಟಕದಲ್ಲಿ ಜಿಂಕೆ ಹೊಡೆಯುವ ಋತು ವರ್ಷಪೂರ್ತಿ ತೆರೆದೇ ಇದೆ. ಪರವಾನಗಿಯನ್ನು ಆರ್‌ಟಿಒ ಕಚೇರಿ ಕೊಡುತ್ತದೆ. ಕೆಂಗೇರಿ ದಾಟಿ, ಮೈಸೂರು ದಾಟಿ, ಗುಂಡ್ಲುಪೇಟೆಯಾಚೆ ಬಂಡೀಪುರದ ಹೆದ್ದಾರಿಯಲ್ಲಿ ಚಕ್ರಕ್ಕೆ ಸಿಕ್ಕ ಚುಕ್ಕೆ ಜಿಂಕೆಗಳನ್ನು ಎಣಿಸಿ ಎಣಿಸಿ ಸಾಕಾಗಿ, 2009ರಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರ ನಿಲ್ಲಿಸಿದರು. ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆದುಹಾಕಬೇಕೆಂಬ ಒತ್ತಾಯ ಅಂದಿನಿಂದ ಪದೇ ಪದೇ ಏಳುತ್ತಿದೆ: ಸರಕಿನ ಲಾರಿಗೆ ತಡವಂತೆ, ಪ್ರವಾಸಿಗರಿಗೆ ತೊಂದರೆಯಂತೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಜಿಂಕೆಯ ಪಾಲಿಗೆ ಬಂದದ್ದು ಒಂಬತ್ತು, ಅದರಲ್ಲೂ ಚೌಕಾಸಿ.