ಟ್ರ್ಯಾಕ್ಟರ್ ಮಾವ

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಗಾಡಿ ಕೆಟ್ಟು ನಿಂತರೆ ಮೊದಲು ಬರುವವನು ಮೆಕ್ಯಾನಿಕ್ ಅಲ್ಲ, ಟ್ರ್ಯಾಕ್ಟರ್ ಮಾವ. ಯಾರಿಗೆ ಮಾವ, ಯಾವ ಕಡೆಯಿಂದ ಮಾವ ಎಂದು ಯಾರೂ ಕೇಳುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು ಎರೆ ಹೊಲದ ದಾರಿ ಹಸಿಯಾಯಿತೆಂದರೆ ಆತನಿಗೆ ಸುಗ್ಗಿ. ನಾಲ್ಕೂ ಗಾಲಿಗೆ ಜೋರಿದೆ ಎಂದು ಭತ್ತದ ಗದ್ದೆಗೆ ಜೀಪು ಇಳಿಸಿ ಹೂತುಕೊಂಡ ಸಾಹುಕಾರರ ಮಕ್ಕಳೆಂದರೆ ವಿಶೇಷ ಪ್ರೀತಿ. ದುಡ್ಡು ಮುಟ್ಟುವವನಲ್ಲ. ಆ ಕತೆಯನ್ನು ಮುಂದಿನ ಮಳೆಗಾಲದವರೆಗೆ ಚಹಾದಂಗಡಿಯಲ್ಲಿ ಹೇಳುವ ಹಕ್ಕು ಸಿಕ್ಕರೆ ಸಾಕು.

"ಹಗ್ಗ ಐತೇನ್ರಿ?" ಇದು ಮೊದಲ ಪ್ರಶ್ನೆ. ಇಲ್ಲ ಎಂದರೆ ಆತನಿಗೆ ಖುಷಿ. ಸೀಟಿನ ಕೆಳಗಿಂದ ಅಜ್ಜನ ಕಾಲದ ಮಿಣಿಯೋ ಕಬ್ಬಿಣದ ಸರಪಳಿಯೋ ಹೊರಬರುತ್ತದೆ. ಅದನ್ನು ಚಾಸಿಯ ಕೊಕ್ಕೆಗೆ ಹಾಕಬೇಕು. ಮಾವ ಬಂಪರಿಗೆ ಹಾಕುತ್ತಾನೆ, ಕೈಗೆ ಮೊದಲು ಸಿಗುವುದು ಅದೇ. ಜಗ್ಗಿದ ರಭಸಕ್ಕೆ ಬಂಪರ್ ಮಸ್ಕಿ ಕಡೆ ಹೊರಡುತ್ತದೆ, ಜೀಪು ಗದ್ದೆಯಲ್ಲೇ ಉಳಿಯುತ್ತದೆ. "ಕಂಪನ್ಯಾವ್ರು ಎಂಥಾ ತಗಡ ಹಾಕ್ಯಾರ ನೋಡ್ರಿ!" ಹಗ್ಗ ಹರಿದರೆ ತುದಿ ಹಾರಿ ಮುಖಕ್ಕೆ ಬಡಿಯಬಾರದೆಂದು ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸುವುದುಂಟು. ಮಾವನ ಪ್ರಕಾರ ಗೋಣಿಚೀಲ ಇರುವುದು ಕೂತು ನೋಡುವವರಿಗೆ.

ನಿಜವಾದ ಅನಾಹುತ ಸಣ್ಣ ಗೇರಿನದು. ಇಂಥ ಜೀಪಿನಲ್ಲಿ ದೊಡ್ಡ ಗೇರಿನ ಪಕ್ಕ ಇನ್ನೊಂದು ಇರುತ್ತದೆ. ಗಾಡಿ ಎಳೆಯುವ ಮುಂಚೆ ಅದನ್ನೂ ನ್ಯೂಟ್ರಲ್ಲಿಗೆ ತರಬೇಕು. "ಅದು ಬರೇ ಶೋಕಿಗ್ರಿ" ಎನ್ನುತ್ತಾನೆ ಮಾವ. ಆಮೇಲೆ ಲಿಂಗಸುಗೂರಿನಿಂದ ಪರಿಚಯದ ಕ್ರೇನು ಬಂದು ಮುಂದಿನ ಗಾಲಿಗಳನ್ನು ಎತ್ತಿ ಹೊರಡುತ್ತದೆ. ನೆಲದಲ್ಲಿ ಉರುಳುವ ಹಿಂದಿನ ಗಾಲಿಗಳ ಜೊತೆ, ಗಾಳಿಯಲ್ಲಿರುವ ಮುಂದಿನವೂ ಗಿರಗಿರ ತಿರುಗುತ್ತವೆ. "ಜೀವ ಬಂತಲ್ಲೋ!" ಎಂದು ಮಾವ ಚಪ್ಪಾಳೆ ತಟ್ಟುತ್ತಾನೆ. ಒಳಗೆ ಹಲ್ಲುಗಳು ಎಣ್ಣೆ ಸಾಲದೆ ಕಾಯುತ್ತಿರುತ್ತವೆ. ಕೆಟ್ಟದ್ದು ಬ್ಯಾಟರಿಯೊಂದೇ ಆಗಿದ್ದ ಗಾಡಿ ಗ್ಯಾರೇಜು ತಲುಪುವಾಗ ಗೇರ್‌ಬಾಕ್ಸನ್ನೂ ಕೆಡಿಸಿಕೊಂಡಿರುತ್ತದೆ.

ಎಳೆಯುವಾಗ ವೇಗ ಗಂಟೆಗೆ 24 ಕಿ.ಮೀ. ಮೀರಬಾರದು, ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು, ಹಿಂದಿನ ಗಾಡಿಗೆ ಬೋರ್ಡು ಇರಬೇಕು ಎಂದು 1989ರ ರಸ್ತೆ ನಿಯಮಗಳಲ್ಲೇ ಬರೆದಿತ್ತು. ಅಶೋಕನ ಹೆಸರನ್ನೇ ಕೊರೆದ ಶಾಸನ 1915ರಲ್ಲಿ ಸಿಕ್ಕಿದ್ದು ಮಸ್ಕಿಯಲ್ಲಿ. ಅದೇ ಸೀಮೆಯವನಾದರೂ ಬರೆದಿಟ್ಟ ಮಾತಿನ ಮೇಲೆ ಮಾವನಿಗೆ ನಂಬಿಕೆ ಕಡಿಮೆ. "ಹಗ್ಗ ಕಾಣ್ತೈತಲ್ಲ, ಮತ್ತ ಬೋರ್ಡ್ ಯಾಕ?" ಎಂಜಿನ್ ಆರಿದ ಗಾಡಿಯ ಬ್ರೇಕು ಗಟ್ಟಿಯಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಹಿಂದೆ ಕೂತ ಹುಡುಗ ಎರಡೂ ಕಾಲಲ್ಲಿ ಬ್ರೇಕು ತುಳಿಯುತ್ತ "ಮಾವಾ, ಸಾವಕಾಶ!" ಎಂದು ಕೂಗಿದರೆ ಟ್ರ್ಯಾಕ್ಟರಿನ ಹಾಡಿನ ಡಬ್ಬಿ ಕೇಳಗೊಡುವುದಿಲ್ಲ.

ಆ ದಾರಿಯಲ್ಲಿ ನಿಮ್ಮ ಗಾಡಿ ಕೆಟ್ಟರೆ ಮಾವನಿಗೆ ಬೇಡ ಎನ್ನಬೇಡಿ, ಅಂದರೂ ಬರುತ್ತಾನೆ. ಆತ ಬರುವಷ್ಟರಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ಸಣ್ಣ ಗೇರನ್ನು ನ್ಯೂಟ್ರಲ್ಲಿಗೆ ತನ್ನಿ, ಕೊಕ್ಕೆ ಎಲ್ಲಿದೆ ನೋಡಿಟ್ಟುಕೊಳ್ಳಿ. ಅಂಥ ನ್ಯೂಟ್ರಲ್ ಇಲ್ಲದ ಮಾದರಿಯಾದರೆ ನಾಲ್ಕೂ ಗಾಲಿ ಹೊತ್ತೊಯ್ಯುವ ಲಾರಿಗೇ ಫೋನ್ ಮಾಡಿ. ಮಾವನಿಗೆ ಚಹಾ ಕೊಡಿಸಿ.